ಹಳೇ ಪಿಕಪ್ ಎತ್ತರಿಸುವುದು ಹೇಗೆ, ಎಷ್ಟು? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಹದಿನಾರು ವರ್ಷ ಹಳೆಯ ಡೀಸೆಲ್ ಪಿಕಪ್, ಟು ವೀಲ್ ಡ್ರೈವ್. ಮುಂದೆ ಟಾರ್ಷನ್ ಬಾರ್ (ತಿರುಚಿ ಸ್ಪ್ರಿಂಗಿನಂತೆ ಕೆಲಸ ಮಾಡುವ ಸರಳು), ಹಿಂದೆ ಪ್ಲೇಟ್ ಸೆಟ್ (ಪಟ್ಟಿ ಸ್ಪ್ರಿಂಗ್). ಪಂಚಾಯತ್ ರಸ್ತೆಯಿಂದ ಮನೆಯಂಗಳದವರೆಗೆ ಅರ್ಧ ಕಿಲೋಮೀಟರ್ ಮುರಕಲ್ಲಿನ ಚಡಾವು. ಮಳೆಗಾಲ ಮುಗಿಯುವಾಗ ಚಕ್ರದ ದಾರಿ ಕೊರೆದುಹೋಗಿ, ನಡುವಿನ ದಿಂಡು ಗಾಡಿಯ ಅಡಿಗೆ ತಾಗುತ್ತದೆ. ಹಿಂದೆ ಮೂಲಕ್ಕಿಂತ ನಾಲ್ಕು ಇಂಚು ಉದ್ದದ ಶ್ಯಾಕಲ್ (ಪ್ಲೇಟಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕಿ, ಮುಂದೆ ಬಾರ್ ಬಿಗಿ ಮಾಡಿದರೆ ಸಾಕು ಎಂದು ವರ್ಕ್‌ಶಾಪಿನವರು ಹೇಳುತ್ತಾರೆ. ಸರಿಯೇ?
– ಪೆರ್ಲ ಸಮೀಪದ ಅಡಿಕೆ ಕೃಷಿಕರು

ಉತ್ತರ: ಮೊದಲು ಗಾಡಿಯಡಿ ಮಲಗಿ, ಗೀರು ಎಲ್ಲಿ ಬಿದ್ದಿದೆ ನೋಡಿ. ಹಿಂದಿನ ಹೌಸಿಂಗಿನ (ಆಕ್ಸೆಲ್, ಡಿಫರೆನ್ಶಿಯಲ್ ಇರುವ ಕವಚ) ಹೊಟ್ಟೆಯಲ್ಲಿ ಗೀರಿದ್ದರೆ ಶ್ಯಾಕಲ್, ಬಾರ್, ಪ್ಲೇಟ್ ಯಾವುದನ್ನು ಬದಲಿಸಿದರೂ ಉಪಯೋಗವಿಲ್ಲ. ಹೌಸಿಂಗ್ ಚಕ್ರದ ಜೊತೆಗೇ ಇರುವಂಥದ್ದು. ಸಸ್ಪೆನ್ಷನ್ ಎಷ್ಟು ಎತ್ತಿದರೂ ಅದು ನೆಲದಿಂದ ಒಂದು ಮಿಲಿಮೀಟರ್ ಕೂಡ ಮೇಲೇಳುವುದಿಲ್ಲ. ಅದನ್ನು ಎತ್ತುವುದು ಟಯರ್ ಒಂದೇ. ಗೀರು ಸೈಲೆನ್ಸರ್, ಗೇರ್‌ಬಾಕ್ಸಿನ ಕ್ರಾಸ್ ಮೆಂಬರ್ ಅಥವಾ ಡೀಸೆಲ್ ಟ್ಯಾಂಕಿನ ಅಡಿಯಲ್ಲಿದ್ದರೆ ಸಸ್ಪೆನ್ಷನ್ ಎತ್ತುವುದಕ್ಕೆ ಅರ್ಥವಿದೆ. ಸೈಲೆನ್ಸರ್ ಮಾತ್ರ ತಾಗುತ್ತಿದ್ದರೆ ಅದರ ಹ್ಯಾಂಗರ್ ರಬ್ಬರ್ ಬದಲಿಸುವುದರಲ್ಲೇ ಕೆಲಸ ಮುಗಿಯಬಹುದು.

ಇಷ್ಟು ಹಳೆಯ ಗಾಡಿಯಲ್ಲಿ ಎತ್ತರಿಸುವುದಕ್ಕಿಂತ ಮುಂಚೆ ಕುಸಿದದ್ದನ್ನು ಮೂಲ ಮಟ್ಟಕ್ಕೆ ತರಬೇಕು. ಸಮತಟ್ಟಾದ ಸಿಮೆಂಟ್ ನೆಲದಲ್ಲಿ ಖಾಲಿ ಗಾಡಿ ನಿಲ್ಲಿಸಿ. ನಾಲ್ಕೂ ಕಡೆ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದು ಬರೆದುಕೊಳ್ಳಿ. ಹಿಂದೆ ಬಂಪ್ ರಬ್ಬರಿಗೂ (ಆಕ್ಸೆಲ್ ಚಾಸಿಗೆ ಹೊಡೆಯದಂತೆ ತಡೆಯುವ ರಬ್ಬರ್) ಆಕ್ಸೆಲಿಗೂ ನಡುವಿನ ಅಂತರವನ್ನೂ ಅಳೆಯಿರಿ. ಎಡ–ಬಲಕ್ಕೆ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ, ಅಥವಾ ಖಾಲಿ ಗಾಡಿಯಲ್ಲೇ ಮೇನ್ ಪ್ಲೇಟ್ ಬಾಗು ಕಳೆದುಕೊಂಡು ತಿರುವು ಮುರುವಾಗಿದ್ದರೆ ಪ್ಲೇಟ್ ಸೆಟ್ ಸೋತಿದೆ. ಅದನ್ನು ಸರಿಪಡಿಸಿದರೇ ನಿಮಗೆ ಬೇಕಾದ ಎತ್ತರದ ದೊಡ್ಡ ಪಾಲು ಸಿಕ್ಕಿಬಿಡಬಹುದು.

ಪ್ಲೇಟ್ ಬಾಗಿಸುವ ಕೆಲಸದಲ್ಲಿ ಎರಡು ಬಗೆಯಿದೆ. ತಣ್ಣಗಿರುವಾಗಲೇ ಸುತ್ತಿಗೆಯಲ್ಲಿ ಬಡಿದು ಬಾಗಿಸಿದ್ದು ಲೋಡ್ ಬಿದ್ದಂತೆ ಮತ್ತೆ ಇಳಿಯುತ್ತದೆ. ಕಾಯಿಸಿ ಬಾಗಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದ ಬರುವಷ್ಟು ಕಾಯಿಸಿದ್ದು ನಿಲ್ಲುತ್ತದೆ. ಗ್ಯಾಸ್ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಹಾಗೇ ಆರಲು ಬಿಟ್ಟರೆ ಸ್ಪ್ರಿಂಗಿನ ಗುಣವೇ ಹೋಗುತ್ತದೆ. ಅಂಥ ಕೆಲಸ ಮಾಡಿಸಲೇಬೇಡಿ. ಮೇನ್ ಪ್ಲೇಟಿನ ಕಣ್ಣಿನ ಹತ್ತಿರ ಕೂದಲೆಳೆಯಷ್ಟು ಬಿರುಕಿದ್ದರೂ, ಕೆಳಗಿನ ಪ್ಲೇಟಿನ ತುದಿ ಮೇಲಿನದರಲ್ಲಿ ಗುಳಿ ಕೊರೆದಿದ್ದರೂ ಆ ಪ್ಲೇಟನ್ನು ಎಸೆದು ಹೊಸದು ಹಾಕಿ. ಬುಷ್, ಸೆಂಟರ್ ಬೋಲ್ಟ್, ಯು ಬೋಲ್ಟ್, ನಟ್ಟು ಎಲ್ಲ ಹೊಸತೇ ಆಗಲಿ. ಒಮ್ಮೆ ಬಿಗಿದು ಎಳೆದುಹೋದ ಹಳೆಯ ಯು ಬೋಲ್ಟ್ ಮತ್ತೆ ಹಿಡಿತ ಕೊಡುವುದಿಲ್ಲ.

ಈಗ ಶ್ಯಾಕಲ್ ವಿಷಯ. ಪ್ಲೇಟಿನ ಒಂದು ತುದಿ ಮಾತ್ರ ಶ್ಯಾಕಲಿಗೆ ಸೇರಿರುವುದರಿಂದ, ಶ್ಯಾಕಲ್ ನಾಲ್ಕು ಇಂಚು ಉದ್ದವಾದರೆ ಗಾಡಿ ಏಳುವುದು ಎರಡು ಇಂಚು ಮಾತ್ರ. ಜೊತೆಗೆ ಪ್ಲೇಟ್ ಒಂದು ಬದಿಗೆ ವಾಲಿ ಹೌಸಿಂಗಿನ ಮೂತಿ ತಿರುಗುತ್ತದೆ, ಗೇರ್‌ಬಾಕ್ಸಿನಿಂದ ಹೌಸಿಂಗಿಗೆ ಬಲ ಒಯ್ಯುವ ಜಾಯಿಂಟ್ ಶಾಫ್ಟಿನ ಕ್ರಾಸುಗಳ (ಬಾಗುವ ಕೀಲುಗಳ) ಕೋನ ಕೆಡುತ್ತದೆ. ಉದ್ದದ ಶ್ಯಾಕಲ್ ಅಡ್ಡಕ್ಕೂ ಆಡುವುದರಿಂದ ತಿರುವಿನಲ್ಲಿ ಹಿಂಬದಿ ತೂಗಾಡುತ್ತದೆ. ಲೋಡ್ ಹೊರುವ ಗಾಡಿಗೆ ನಾಲ್ಕು ಇಂಚಿನದು ಬೇಡವೇ ಬೇಡ. ಮೂಲಕ್ಕಿಂತ ಒಂದು ಇಂಚು ಉದ್ದ, ಎರಡು ಪಟ್ಟಿಗಳ ನಡುವೆ ಅಡ್ಡ ಬಲ ಇರುವಂಥದ್ದು – ಅದಕ್ಕಿಂತ ಮುಂದೆ ಹೋಗಬಾರದು.

ನಿಮ್ಮ ಬಳಕೆಗೆ ಹೆಚ್ಚು ಸರಿಹೊಂದುವುದು ಸೆಟ್ಟಿಗೆ ಒಂದು ಪ್ಲೇಟ್ ಸೇರಿಸುವುದು. ಮೇನ್ ಪ್ಲೇಟಿನಷ್ಟೇ ಅಗಲ, ತುಸು ಹೆಚ್ಚು ಬಾಗು ಇರುವ ಪ್ಲೇಟನ್ನು ಉದ್ದದ ಅನುಕ್ರಮಕ್ಕೆ ಹೊಂದುವ ಜಾಗದಲ್ಲಿ ಸೇರಿಸಿದರೆ ಸಾಮಾನ್ಯವಾಗಿ 25ರಿಂದ 40 ಮಿ.ಮೀ. ಎತ್ತರ ಸಿಗುತ್ತದೆ. ಖಾಲಿ ಗಾಡಿ ಗಡುಸಾಗಿ ಕುಪ್ಪಳಿಸುತ್ತದೆ, ಅದು ಇದರ ಬೆಲೆ. ಪ್ಲೇಟ್ ಸೇರಿತೆಂದು ಹೆಚ್ಚು ಲೋಡ್ ಹಾಕುವಂತಿಲ್ಲ. ಆಕ್ಸೆಲ್, ಬೇರಿಂಗ್, ಬ್ರೇಕ್, ಚಾಸಿ ಹಳೆಯವೇ.

ಮುಂದಿನ ಟಾರ್ಷನ್ ಬಾರಿನ ಹೊಂದಾಣಿಕೆ ಬೋಲ್ಟಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಡಿ. ನಮ್ಮ ಕರಾವಳಿಯ ಹವೆಯಲ್ಲಿ ಅದು ಹಿಡಿದುಕೊಂಡಿರುತ್ತದೆ, ಒತ್ತಾಯ ಮಾಡಿದರೆ ಮರೆ (ಬೋಲ್ಟಿನ ಸುತ್ತುಗೆರೆ) ಹಾರುತ್ತದೆ. ಮುಂಬದಿಯನ್ನು ಕ್ರಾಸ್ ಮೆಂಬರಿಗೆ ಜಾಕ್ ಕೊಟ್ಟು ಎತ್ತಿ, ಚಾಸಿಯಡಿ ಸ್ಟ್ಯಾಂಡ್ ಇಟ್ಟು, ಚಕ್ರ ಜೋತು ಬಿಡುವಂತೆ ಮಾಡಿ. ಹೊರಗೆ ಕಾಣುವ ಮರೆಯ ಉದ್ದವನ್ನು ಎರಡೂ ಕಡೆ ಬರೆದುಕೊಂಡು, ಬೋಲ್ಟಿಗೆ ಬಣ್ಣದ ಗುರುತು ಹಾಕಿ. ಎರಡೂ ಕಡೆ ಎರಡೆರಡು ಸುತ್ತು ತಿರುಗಿಸಿ ಇಳಿಸಿ. ಗಾಡಿಯನ್ನು ಹತ್ತು ಮೀಟರ್ ಹಿಂದೆ ಮುಂದೆ ಓಡಿಸಿ, ಚಕ್ರ ಸರಿಯಾಗಿ ಕೂತ ಮೇಲೆ ಅಳೆಯಿರಿ. ಎತ್ತಿದ ಕೂಡಲೇ ಅಳೆದ ಲೆಕ್ಕ ಸುಳ್ಳು. ಹೀಗೆ 25 ಮಿ.ಮೀ., ಹೆಚ್ಚೆಂದರೆ 35 ಮಿ.ಮೀ.ಗೆ ನಿಲ್ಲಿಸಿ.

ಬಾರ್ ಬಿಗಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಚಕ್ರವನ್ನು ಹಿಡಿದಿರುವ ತೋಳುಗಳು ಕೆಳಮುಖವಾಗುತ್ತವೆ, ಅಷ್ಟೇ. ಎತ್ತರ ಸಿಕ್ಕಷ್ಟೂ ಚಕ್ರ ಗುಂಡಿಗೆ ಇಳಿಯಲು ಉಳಿದ ಜಾಗ ಕಡಿಮೆಯಾಗುತ್ತದೆ. ಹಂಪ್ ದಾಟಿದ ಕೂಡಲೇ ಮುಂದೆ ‘ಟಕ್’ ಎಂದು ಲೋಹದ ಸದ್ದು ಬಂದರೆ ಮೇಲಿನ ತೋಳು ಸ್ಟಾಪ್ ರಬ್ಬರಿಗೆ ಹೊಡೆಯುತ್ತಿದೆ ಎಂದರ್ಥ. ಎರಡು ಸುತ್ತು ಸಡಿಲಿಸಿ. ಹಾಗೇ ಓಡಿಸಿದರೆ ಬಾಲ್ ಜಾಯಿಂಟ್ ಬೇಗ ಕೈಕೊಡುತ್ತದೆ. ಟು ವೀಲ್ ಡ್ರೈವ್ ಆದ್ದರಿಂದ ಮುಂದೆ ಆಕ್ಸೆಲ್ ಶಾಫ್ಟಿನ ತೊಂದರೆ ಇಲ್ಲ, ಅದೊಂದು ಅನುಕೂಲ. ಕೆಲಸ ಮುಗಿದ ದಿನವೇ ಅಲೈನ್‌ಮೆಂಟ್ ಮಾಡಿಸಿ. ಕ್ಯಾಂಬರ್ (ಚಕ್ರದ ಒಳ–ಹೊರ ವಾಲು), ಟೋ (ಚಕ್ರ ಮುಂದಕ್ಕೆ ನೋಡುವ ದಿಕ್ಕು) ಎರಡೂ ಬದಲಾಗಿರುತ್ತವೆ, ಬಿಟ್ಟರೆ ಟಯರಿನ ಒಂದು ಅಂಚು ತಿಂದುಹೋಗುತ್ತದೆ. ಹೆಡ್‌ಲೈಟನ್ನೂ ಇಳಿಸಿ ಹೊಂದಿಸಿ.

ಕಾನೂನಿನ ಮಾತು ಹೇಳಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ಹೊಂದದ ಬದಲಾವಣೆಯನ್ನು ಅನುಮತಿಯಿಲ್ಲದೆ ಮಾಡಬಾರದು ಎನ್ನುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಅಂಥ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ಸರಕು ಗಾಡಿಗೆ ಎಂಟು ವರ್ಷ ದಾಟಿದರೆ ಪ್ರತಿ ವರ್ಷ ಫಿಟ್ನೆಸ್ ಪರೀಕ್ಷೆ ಇದೆ. ಸೋತ ಪ್ಲೇಟ್ ಬದಲಿಸಿ ಮೂಲ ಎತ್ತರಕ್ಕೆ ತರುವುದು ದುರಸ್ತಿ. ಅದರಾಚೆ ಪ್ಲೇಟ್ ಸೇರಿಸುವುದಿದ್ದರೂ, ಶ್ಯಾಕಲ್ ಬದಲಿಸುವುದಿದ್ದರೂ ಕಾಸರಗೋಡಿನ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಲಿಖಿತವಾಗಿ ಕೇಳಿ.

ಇನ್ನೊಂದು ಮಾತು: ಆ ಅರ್ಧ ಕಿಲೋಮೀಟರಿನ ನಡುದಿಂಡನ್ನು ಪಿಕ್ಕಾಸಿನಲ್ಲಿ ಕೆತ್ತಿಸಿ, ಚಡಾವಿಗೆ ಅಡ್ಡವಾಗಿ ಓರೆಯಲ್ಲಿ ಕಣಿ ತೆಗೆದು ನೀರನ್ನು ಬದಿಗೆ ಹಾಯಿಸಿ. ದಾರಿ ಕೊರೆಯುವುದು ನೀರು. ಅದು ನಿಂತರೆ ಗಾಡಿಗೆ 25 ಮಿ.ಮೀ. ಎತ್ತರವೇ ಧಾರಾಳ.

ಪ್ರಶ್ನೆ: ಈಗ 215/75 ಆರ್15 ಟಯರ್ ಇದೆ. 235/75 ಆರ್15 ಹಾಕಿದರೆ ಎಷ್ಟು ಎತ್ತರ ಸಿಗುತ್ತದೆ?
– ಮಂಜೇಶ್ವರದ ಓದುಗರು

ಉತ್ತರ: ಮೊದಲನೆಯದರ ವ್ಯಾಸ ಸುಮಾರು 703 ಮಿ.ಮೀ., ಎರಡನೆಯದರದ್ದು 733. ವ್ಯತ್ಯಾಸದ ಅರ್ಧ, ಅಂದರೆ 15 ಮಿ.ಮೀ. ಮಾತ್ರ ಹೌಸಿಂಗ್ ಮೇಲೇಳುತ್ತದೆ. ಸ್ಪೀಡೋಮೀಟರ್ 60 ತೋರಿಸುವಾಗ ನಿಜವಾದ ವೇಗ 62ರ ಮೇಲೆ. ಗೇರ್ ನಾಲ್ಕು ಶೇಕಡಾದಷ್ಟು ಭಾರವಾಗುತ್ತದೆ. ಚಡಾವಿನಲ್ಲಿ ಫಸ್ಟ್ ಗೇರ್ ಎಳೆಯದೆ ಕ್ಲಚ್ ಜಾರಿಸುವ ಅಭ್ಯಾಸ ಬಂದರೆ ಕ್ಲಚ್ ಪ್ಲೇಟ್ ಬೇಗ ಸವೆಯುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಮುಂದಿನ ಒಂದು ಚಕ್ರವನ್ನು ಹಲಗೆಯ ಮೇಲೆ ಹತ್ತಿಸಿ, ಟಯರ್ ಎಲ್ಲೂ ಉಜ್ಜುವುದಿಲ್ಲವೆಂದು ನೋಡಬೇಕು. ಬದಿಯಲ್ಲಿ ಬರೆದ ಲೋಡ್ ಇಂಡೆಕ್ಸ್ (ಟಯರ್ ಹೊರಬಲ್ಲ ಭಾರದ ಸಂಖ್ಯೆ) ಹಳೆಯದಕ್ಕಿಂತ ಕಡಿಮೆ ಇರಲೇಬಾರದು. ನಿಮ್ಮ ಮಾದರಿಗೆ ತಯಾರಕರು ಒಪ್ಪಿದ ಅಳತೆಗಳಲ್ಲಿ ಇದಿಲ್ಲವಾದರೆ ಬಿಟ್ಟುಬಿಡಿ.

ಪ್ರಶ್ನೆ: ಹಳೆಯ ಪಿಕಪ್ ಕೊಂಡೆ. ಮೊದಲಿನ ಮಾಲೀಕರು ಹಿಂದೆ ಪ್ಲೇಟಿಗೂ ಆಕ್ಸೆಲಿಗೂ ನಡುವೆ ಎರಡು ಇಂಚಿನ ಬ್ಲಾಕ್ ಹಾಕಿಸಿದ್ದಾರೆ. 50ರ ವೇಗದಲ್ಲಿ ಗಾಡಿ ನಡುಗುತ್ತದೆ. ಎಲೆಕೋಸು ತುಂಬಿ ದಿಂಬಂ ಘಾಟಿ ಇಳಿಯುವಾಗ ಬ್ರೇಕ್ ಸಾಲುವುದಿಲ್ಲ.
– ತಾಳವಾಡಿಯ ರೈತರು

ಉತ್ತರ: ಬ್ರೇಕಿನದನ್ನು ಮೊದಲು ನೋಡಿ. ಅಲ್ಲಿಯವರೆಗೆ ಲೋಡ್ ಹಾಕಿ ಆ 27 ಹೇರ್‌ಪಿನ್ ತಿರುವುಗಳನ್ನು ಇಳಿಯಬೇಡಿ.

ಹಿಂದಿನ ಆಕ್ಸೆಲಿನ ಮೇಲೆ, ಚಾಸಿಗೆ ಕೂತ ಒಂದು ವಾಲ್ವ್ ಇದೆಯೇ, ಅದರಿಂದ ಸಣ್ಣ ಸರಳೊಂದು ಆಕ್ಸೆಲಿಗೆ ಇಳಿದಿದೆಯೇ ನೋಡಿ. ಅದು ಲೋಡ್ ತಿಳಿಯುವ ಬ್ರೇಕ್ ವಾಲ್ವ್. ಲೋಡ್ ಬಿದ್ದು ಚಾಸಿ ತಗ್ಗಿದಾಗ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ, ಗಾಡಿ ಖಾಲಿ ಇದ್ದಾಗ ಹಿಂದಿನ ಚಕ್ರ ಲಾಕ್ ಆಗದಂತೆ ಒತ್ತಡ ತಡೆಯುತ್ತದೆ. ಬ್ಲಾಕ್ ಹಾಕಿದಾಗ ಚಾಸಿಗೂ ಆಕ್ಸೆಲಿಗೂ ಅಂತರ 50 ಮಿ.ಮೀ. ಹೆಚ್ಚಾಯಿತು. ಈಗ ಗಾಡಿ ತುಂಬಿದ್ದರೂ ವಾಲ್ವಿಗೆ ಖಾಲಿಯಂತೆ ಕಾಣುತ್ತದೆ. ಹಿಂದಿನ ಬ್ರೇಕ್ ಅರೆಬರೆ ಹಿಡಿಯುತ್ತದೆ, ಎಲ್ಲ ಭಾರ ಮುಂದಿನ ಬ್ರೇಕಿಗೆ ಬಿದ್ದು ಅದು ಕಾದು ಹಿಡಿತ ಬಿಡುತ್ತದೆ. ಬ್ಲಾಕ್ ಉಳಿಸಿಕೊಳ್ಳುವುದಿದ್ದರೆ ಸರಳಿನ ಆಕ್ಸೆಲ್ ತುದಿಯ ಬ್ರಾಕೆಟನ್ನು ಅದೇ 50 ಮಿ.ಮೀ. ಎತ್ತರಿಸಿ, ಕಂಪನಿ ಕೈಪಿಡಿಯ ಅಳತೆಯಂತೆ ವಾಲ್ವ್ ಹೊಂದಿಸಬೇಕು. ಹಿಂದಿನ ಬ್ರೇಕ್ ಹೋಸ್ ಚಕ್ರ ಪೂರ್ತಿ ಜೋತಾಗ ಬಿಗಿಯಾಗುತ್ತದೆಯೇ ನೋಡಿ. ಬಿಗಿಯಾದರೆ ಉದ್ದದ್ದು ಹಾಕಿಸಿ.

ನಡುಕಕ್ಕೆ ಕಾರಣ ಜಾಯಿಂಟ್ ಶಾಫ್ಟ್. ನಿಮ್ಮದು ಎರಡು ತುಂಡಿನ ಶಾಫ್ಟ್ ಆಗಿದ್ದರೆ ಹಿಂದಿನ ತುಂಡಿನ ಓರೆ ಹೆಚ್ಚಾಗಿ ಕ್ರಾಸುಗಳ ಕೋನ ಹೊಂದುತ್ತಿಲ್ಲ. ಸೆಂಟರ್ ಬೇರಿಂಗಿನ ಬ್ರಾಕೆಟಿಗೆ 10–15 ಮಿ.ಮೀ. ದಪ್ಪದ ತುಂಡು ಕೊಟ್ಟು ಇಳಿಸಿದರೆ ಹೆಚ್ಚಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ಪ್ಲೇಟಿಗೂ ಹೌಸಿಂಗಿಗೂ ನಡುವೆ ಎರಡು ಡಿಗ್ರಿಯ ಓರೆ ತಗಡು ಕೊಟ್ಟು ಮೂತಿ ಸರಿಪಡಿಸಬೇಕು.

ಬ್ಲಾಕ್ ಒಂದೇ ತುಂಡಿನ ಉಕ್ಕಿನದಾಗಿರಬೇಕು. ಎರಡು ಪೇರಿಸಿದ್ದರೆ ಅಥವಾ ಮರದ್ದಾಗಿದ್ದರೆ ಇವತ್ತೇ ತೆಗೆಸಿ. ಬ್ರೇಕ್ ಹಾಕಿದಾಗ ಆಕ್ಸೆಲ್ ತಿರುಚಿಕೊಳ್ಳಲು ನೋಡುತ್ತದೆ, ಬ್ಲಾಕ್ ಎತ್ತರವಾದಷ್ಟೂ ಆ ಬಲಕ್ಕೆ ಸನ್ನೆಗೋಲು ಸಿಕ್ಕಂತೆ. ಅದಕ್ಕೇ ಮುಂದಿನ ಆಕ್ಸೆಲಿಗೆ ಬ್ಲಾಕ್ ಹಾಕುವುದೇ ಇಲ್ಲ. ಯು ಬೋಲ್ಟುಗಳನ್ನು ಕರ್ಣರೇಖೆಯಲ್ಲಿ ಬಿಗಿದು, 100 ಕಿಲೋಮೀಟರ್ ಓಡಿದ ಮೇಲೊಮ್ಮೆ, 500ಕ್ಕೊಮ್ಮೆ ಮತ್ತೆ ಬಿಗಿಯಿರಿ. ಘಾಟಿ ಇಳಿದು ತೋಟದ ದಾರಿಗೇನೂ ಹೋಗದ ಗಾಡಿಯಾದರೆ ನನ್ನ ಸಲಹೆ ಬ್ಲಾಕನ್ನೇ ಕಳಚುವುದು.

ಪ್ರಶ್ನೆ: ಚಾಸಿಗೂ ಕ್ಯಾಬಿನಿಗೂ ನಡುವೆ ದಪ್ಪ ರಬ್ಬರ್ ಕೊಟ್ಟು ಬಾಡಿ ಎತ್ತಬಹುದೇ? – ಮುಳ್ಳೇರಿಯ

ಉತ್ತರ: ದೊಡ್ಡ ಟಯರಿಗೆ ಜಾಗ ಸಿಗುತ್ತದೆ, ಅಡಿ ಒಂದಿಷ್ಟೂ ಏಳುವುದಿಲ್ಲ. ಸ್ಟಿಯರಿಂಗ್ ಶಾಫ್ಟ್, ಗೇರ್ ಲಿವರ್, ರೇಡಿಯೇಟರ್ ಫ್ಯಾನಿನ ಕವಚ, ಅರ್ತ್ ವೈರು ಎಲ್ಲ ಹೊಂದಿಸಬೇಕು. ಹದಿನೈದು ವರ್ಷದ ಕ್ಯಾಬಿನಿನ ತುಕ್ಕು ಹಿಡಿದ ಬೋಲ್ಟ್ ಬಿಚ್ಚುವುದೇ ದೊಡ್ಡ ಕೆಲಸ. ಬೇಡ.

ಪ್ರಶ್ನೆ: ಎತ್ತರಿಸಿದ ಮೇಲೂ ಮಳೆಯಲ್ಲಿ ಖಾಲಿ ಗಾಡಿ ಚಡಾವು ಹತ್ತುವುದಿಲ್ಲ, ಹಿಂದಿನ ಒಂದು ಚಕ್ರ ಸುಮ್ಮನೆ ತಿರುಗುತ್ತದೆ. – ಆದೂರು

ಉತ್ತರ: ಎತ್ತರಕ್ಕೂ ಹಿಡಿತಕ್ಕೂ ಸಂಬಂಧವಿಲ್ಲ. ಮಾಮೂಲಿ ಡಿಫರೆನ್ಶಿಯಲ್ಲಿನಲ್ಲಿ ಹಿಡಿತ ಕಡಿಮೆ ಇರುವ ಚಕ್ರ ಸುಳ್ಳೇ ತಿರುಗುತ್ತದೆ, ಇನ್ನೊಂದಕ್ಕೆ ಬೇಕಾದಷ್ಟು ಬಲ ಸಿಗುವುದಿಲ್ಲ. ನಿಮ್ಮ ಮಾದರಿಗೆ ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ಮನೆ ತಿರುಗದಂತೆ ತಡೆಯುವ) ಹೌಸಿಂಗ್ ಬರುತ್ತಿದ್ದರೆ ಅದು ಉತ್ತಮ. ಇಲ್ಲವಾದರೆ ಹಿಂದೆ ಆಳವಾದ ಗುಬ್ಬಿಯ ಟಯರ್ ಹಾಕಿ, ನೂರು–ನೂರೈವತ್ತು ಕಿಲೋ ಮರಳಿನ ಚೀಲಗಳನ್ನು ಆಕ್ಸೆಲಿನ ನೇರಕ್ಕೆ ಮೇಲೆ ಇಟ್ಟು ಕಟ್ಟಿ. ಹಿಂದಿನ ಬಾಗಿಲಿಗೆ ಹತ್ತಿರ ಇಟ್ಟರೆ ಮುಂಬದಿ ಹಗುರಾಗಿ ಸ್ಟಿಯರಿಂಗ್ ತೇಲುತ್ತದೆ. ಖಾಲಿ ಗಾಡಿಗೂ ತುಂಬಿದ ಗಾಡಿಗೂ ಹಿಂದಿನ ಗಾಳಿಯ ಒತ್ತಡ ಬೇರೆ ಬೇರೆ. ಖಾಲಿ ಹೋಗುವಾಗ ಕೈಪಿಡಿಯಲ್ಲಿ ಖಾಲಿಗೆ ಹೇಳಿದಷ್ಟೇ ಇಡಿ, ಅಡಿಕೆ ಮೂಟೆ ಹೇರುವ ಮೊದಲು ಮತ್ತೆ ಪೂರ್ತಿ ತುಂಬಿಸಿ.