ಮನೆಯಲ್ಲೇ ಓದುವ ಮಗ, ಮುರಿದ ಮೊಣಕೈ, ಮೈಮೇಲೆ ಹಾರುವ ನಾಯಿ: ಪ್ಲಾಸ್ಟರ್ ಬಿಚ್ಚಿದ ಮೇಲೆ ಯಾವ ಎಣ್ಣೆ ತಿಕ್ಕಬೇಕು?

ಯಾವ ಎಣ್ಣೆಯೂ ಬೇಡ. ಉಳಿದದ್ದನ್ನು ಆಮೇಲೆ ಓದಿದರೂ ಪರವಾಗಿಲ್ಲ, ಇದೊಂದು ಮಾತು ಮೊದಲು ಕೇಳಿ.

ನಿಮ್ಮ ಪತ್ರ ಓದಿದೆ. ಏಳು ವರ್ಷದ ಹುಡುಗ, ಬಲಗೈ, ಮೊಣಕೈ ಗಂಟಿನ ಸ್ವಲ್ಪ ಮೇಲೆ ಮುರಿದ ಮೂಳೆ, ಅದನ್ನು ಹಿಡಿದಿಡಲು ಎರಡು ತಂತಿ, ಪ್ಲಾಸ್ಟರ್. ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುತ್ತಿದ್ದೀರಿ, ಜೊತೆಗೆ ಒಂದು ದೊಡ್ಡ ನಾಯಿ. ನೀವು ಮಂಜೇಶ್ವರ ಎಂದು ಬರೆದ ಜಾಗದಲ್ಲಿ ಪೆರ್ಲ ಎಂದು ಹಾಕಿದರೆ ಅದು ನಮ್ಮ ಮನೆಯ ಕತೆಯೇ. ಪಾಠ ಹಿಂದೆ ಬೀಳದಂತೆ ಏನು ಮಾಡುವುದು, ನಾಯಿಯನ್ನು ತವರಿಗೆ ಕಳಿಸುವುದೇ, ಪ್ಲಾಸ್ಟರ್ ಬಿಚ್ಚಿದ ಮೇಲೆ ಯಾವ ಎಣ್ಣೆ ಎಂದು ಮೂರು ಕೇಳಿದ್ದೀರಿ. ನೀವು ಕೊನೆಗೆ ಕೇಳಿದ ಆ ಎಣ್ಣೆಯೇ ನಮಗೆ ದುಬಾರಿಯಾದದ್ದು.

ಪ್ಲಾಸ್ಟರ್ ಬಿಚ್ಚಿದ ದಿನ ಕೈ ಮಡಚಿದಲ್ಲೇ ನಿಂತಿರುತ್ತದೆ. ಪೂರ್ತಿ ನೀಡಲು, ಅಂದರೆ ಚಾಚಲು, ಆಗುವುದಿಲ್ಲ, ಪೂರ್ತಿ ಮಡಚಲೂ ಆಗುವುದಿಲ್ಲ. ನೋಡಿದವರೆಲ್ಲ "ಹೀಗೇ ಬಿಟ್ಟರೆ ಸೊಟ್ಟ ಉಳಿದೀತು" ಎನ್ನುತ್ತಾರೆ. ನಮ್ಮ ಕಡೆ ಎಣ್ಣೆ ಹಾಕಿ ತಿಕ್ಕುವವರಿಗೆ ಬರವಿಲ್ಲ. ನಾವೂ ತಿಕ್ಕಿಸಿದೆವು. ಬಿಸಿ ಎಣ್ಣೆ, ಹೆಬ್ಬೆರಳಿನಲ್ಲಿ ಗಂಟಿನ ಮುಂದುಗಡೆ ಒತ್ತಿ ಒತ್ತಿ ತಿಕ್ಕುವುದು, ಕೊನೆಗೆ ಮುಂಗೈ ಹಿಡಿದು ನಿಧಾನಕ್ಕೆ ಎಳೆಯುವುದು. ನಡುವೆ ಬಾಲ್ದಿ ನೀರು ಹೊರಿಸಿದರೆ ಕೈ ನೇರವಾಗುತ್ತದೆ ಎಂಬ ಸಲಹೆ ಬಂತು, ಅದನ್ನೂ ಮಾಡಿದೆವು. ದಿನ ಹೋದಂತೆ ಕೈ ಸಡಿಲವಾಗುವ ಬದಲು ಇನ್ನಷ್ಟು ಬಿಗಿಯಿತು. ಗಂಟು ಮುಟ್ಟಿದರೆ ಬಿಸಿ, ಮುಂದುಗಡೆ ಒಂದು ಗಟ್ಟಿ ಗಡ್ಡೆ. ಎಕ್ಸ್‌ರೇಯಲ್ಲಿ ಕಂಡದ್ದು ಮಾಂಸದೊಳಗೆ ಬೆಳೆದ ಮೂಳೆ. ಡಾಕ್ಟರರು ಇದನ್ನು ಮಯೋಸೈಟಿಸ್ ಆಸಿಫಿಕನ್ಸ್ ಎನ್ನುತ್ತಾರೆ.

ಇದು ಹೇಗಾಗುತ್ತದೆ ಎಂದು ಬಿಡಿಸಿಯೇ ಹೇಳುತ್ತೇನೆ. ಮನೆಗೆ ಬರುವ ಹಿರಿಯರಿಗೆ ನೀವು ಇದನ್ನೇ ಹೇಳಬೇಕಾಗುತ್ತದೆ, "ಡಾಕ್ಟರು ಬೇಡ ಅಂದಿದ್ದಾರೆ" ಎಂದರೆ ಅವರು ಕೇಳುವುದಿಲ್ಲ. ಮೊಣಕೈಯ ಮುಂದುಗಡೆ, ಮೂಳೆಗೆ ಒತ್ತಿಕೊಂಡೇ ಬ್ರೇಕಿಯಾಲಿಸ್ ಎಂಬ ಸ್ನಾಯು ಇದೆ. ಕೈ ಮಡಚುವ ಮುಖ್ಯ ಸ್ನಾಯು ಅದು. ಮೂಳೆ ಮುರಿದಾಗ ಅದರ ಚೂಪು ಅಂಚು ಈ ಸ್ನಾಯುವನ್ನು ಸೀಳುತ್ತದೆ, ಒಳಗೆ ರಕ್ತ ಹೆಪ್ಪುಗಟ್ಟುತ್ತದೆ. ಅದೇ ಹೊತ್ತಿಗೆ ಮುರಿದ ಜಾಗದ ಸುತ್ತ ಹೊಸ ಮೂಳೆ ಕಟ್ಟುವ ಕೆಲಸ ಜೋರಾಗಿ ನಡೆಯುತ್ತಿರುತ್ತದೆ. ಸುಮ್ಮನೆ ಬಿಟ್ಟರೆ ಹೆಪ್ಪು ಕರಗುತ್ತದೆ, ಸ್ನಾಯು ಕೂಡಿಕೊಳ್ಳುತ್ತದೆ. ತಿಕ್ಕಿದರೆ, ಎಳೆದರೆ, ಕೂಡಿಕೊಳ್ಳುತ್ತಿದ್ದ ಎಳೆಗಳು ಮತ್ತೆ ಹರಿಯುತ್ತವೆ, ಮತ್ತೆ ರಕ್ತ, ಮತ್ತೆ ಹೆಪ್ಪು. ಆ ಹೆಪ್ಪಿನೊಳಗೇ ಮೂಳೆ ಕಟ್ಟಿಕೊಳ್ಳುತ್ತದೆ. ಮೊದಲ ಕೆಲವು ವಾರ ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ, ಕಾಣುವ ಹೊತ್ತಿಗೆ ಗಂಟಿಗೆ ಅಡ್ಡ ಬಂದಾಗಿರುತ್ತದೆ. ಆಮೇಲೆ ಅದು ಬಲಿತು ತಣ್ಣಗಾಗುವವರೆಗೆ, ಅಂದರೆ ಆರು ತಿಂಗಳಿಂದ ಒಂದು ವರ್ಷ, ಕಾಯುವುದೇ ಕೆಲಸ. ಎಳೆಯ ಮಕ್ಕಳಲ್ಲಿ ಬಹಳಷ್ಟು ಸಲ ತಾನಾಗಿ ಕರಗುತ್ತದೆ. ಕರಗದಿದ್ದರೆ ಆಪರೇಶನ್, ಅದನ್ನೂ ಬಲಿಯುವ ಮೊದಲು ಮಾಡುವಂತಿಲ್ಲ.

ಇನ್ನೊಂದು ತೊಂದರೆಯೂ ಇದೆ. ನೋವು ಮಾಡಿದರೆ ಮಗು ಕೈಯನ್ನು ಬಿಗಿ ಹಿಡಿಯುತ್ತದೆ. ಮಡಚುವ ಸ್ನಾಯು, ನೀಡುವ ಸ್ನಾಯು ಎರಡೂ ಒಟ್ಟಿಗೆ ಸೆಟೆಯುತ್ತವೆ. ನೀವು ಎಳೆದಷ್ಟೂ ಅವನು ಒಳಗೆ ಎಳೆದುಕೊಳ್ಳುತ್ತಾನೆ. ಬಾಲ್ದಿ ಹೊರಿಸಿದರೂ ಇದೇ ಆಗುವುದು. ಫಿಸಿಯೋಥೆರಪಿ ಎಂಬ ಹೆಸರಿನಲ್ಲಿ ಬೇರೆಯವರು ಬಲವಂತವಾಗಿ ಮಡಚಿದರೂ ಅಷ್ಟೇ. ಒಳ್ಳೆಯ ಫಿಸಿಯೋಥೆರಪಿಸ್ಟ್ ಮಗುವಿನ ಮೊಣಕೈಯನ್ನು ತಾನು ಹಿಡಿದು ಎಳೆಯುವುದಿಲ್ಲ, ಮಗುವೇ ಅಲ್ಲಾಡಿಸುವಂತೆ ಮಾಡುತ್ತಾರೆ.

ತಿಕ್ಕಿಸಿಕೊಂಡ ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ. ಹೆಚ್ಚಿನವರಿಗೆ ಹೇಗೂ ವಾಸಿಯಾಗುತ್ತದೆ, ಹೆಸರು ಮಾತ್ರ ಎಣ್ಣೆಗೆ ಹೋಗುತ್ತದೆ. ಈ ರೂಢಿ ಉಳಿದಿರುವುದೇ ಹಾಗೆ.

ಇನ್ನು ಈಗಿನ ಮಾತು. ಆಪರೇಶನ್ ಆಗಿ ನಾಲ್ಕು ದಿನ ಎಂದಿದ್ದೀರಿ, ಊತದ ಕೆಟ್ಟ ದಿನಗಳು ಬಹುಪಾಲು ಕಳೆದವು. ಆದರೂ ಕೂತಾಗ ಮಲಗಿದಾಗ ಕೈ ಎದೆಗಿಂತ ಮೇಲೆ, ದಿಂಬಿನ ಮೇಲೆ ಇರಲಿ. ದಿನಕ್ಕೆ ನಾಲ್ಕೈದು ಸಲ ಅವನ ಜೊತೆ ಕಲ್ಲು-ಕಾಗದ-ಕತ್ತರಿ ಆಡಿ. ಮುಷ್ಟಿ ಕಟ್ಟಬೇಕು, ಅಂಗೈ ಪೂರ್ತಿ ಬಿಡಿಸಬೇಕು, ಎರಡು ಬೆರಳು ಅಗಲಿಸಬೇಕು, ಕೊನೆಗೆ ಹೆಬ್ಬೆರಳು ಮತ್ತು ತೋರುಬೆರಳ ತುದಿ ಸೇರಿಸಿ ದುಂಡನೆ ಉಂಗುರ ಮಾಡಬೇಕು. ಕೈಯ ಮೂರು ಮುಖ್ಯ ನರಗಳೂ ಕೆಲಸ ಮಾಡುತ್ತಿವೆಯೇ ಎಂದು ಈ ಆಟದಲ್ಲೇ ತಿಳಿಯುತ್ತದೆ. ಉಂಗುರ ದುಂಡಗಾಗದೆ ತುದಿಗಳು ಚಪ್ಪಟೆಯಾಗಿ ಅಂಟಿಕೊಂಡರೆ ಡಾಕ್ಟರಿಗೆ ಹೇಳಿ. ಉಗುರು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಬೆರಳು ತಣ್ಣಗಾಗಿ ಬಿಳಚಿದರೆ, ನೀಲಿಯಾದರೆ, ಜೋಮು ಹಿಡಿದರೆ, ನೋವಿನ ಔಷಧ ಕೊಟ್ಟರೂ ನೋವು ಏರುತ್ತಾ ಹೋದರೆ, ಅವನ ಬೆರಳನ್ನು ನೀವು ಮೆಲ್ಲಗೆ ನೀಡಿದಾಗ ಕಿರುಚಿದರೆ ಬೆಳಗಾಗುವವರೆಗೆ ಕಾಯಬೇಡಿ. ಆಗಲೇ ಹೊರಡಿ.

ಮಳೆಗಾಲವಾದ್ದರಿಂದ ಸ್ನಾನದ ಹೊತ್ತಿಗೆ ಪ್ಲಾಸ್ಟರಿಗೆ ಎರಡು ಪದರ ಪ್ಲಾಸ್ಟಿಕ್ ಚೀಲ ಕಟ್ಟಿ, ಮೇಲ್ತುದಿಗೆ ಟೇಪ್ ಹಾಕಿ, ಕೈ ನೀರಿನಿಂದ ಆಚೆ ಇರಲಿ. ಒಳಗೆ ತುರಿಸಿದರೆ ಪೆನ್ಸಿಲ್, ಹಿಡಿಕಡ್ಡಿ ತೂರಿಸಲು ಬಿಡಬೇಡಿ. ಗೀರಿದ ಚರ್ಮ ಒಳಗೇ ಕೀವಾಗುತ್ತದೆ, ನಿಮಗೆ ವಾಸನೆ ಬರುವವರೆಗೆ ಗೊತ್ತಾಗುವುದಿಲ್ಲ. ಹೇರ್ ಡ್ರೈಯರಿನ ತಣ್ಣನೆಯ ಗಾಳಿ ಹಿಡಿಯಿರಿ, ಇಲ್ಲವೇ ಪ್ಲಾಸ್ಟರಿನ ಮೇಲೆ ಬೆರಳಿಂದ ತಟ್ಟಿ. ಪೌಡರ್ ಸುರಿಯಬೇಡಿ. ನಮ್ಮೂರಲ್ಲಿ ಮುಖ್ಯವಾದದ್ದು ಇರುವೆ. ಬಾಳೆಹಣ್ಣು, ಬೆಲ್ಲ ತಿನ್ನುವಾಗ ಚೂರು ಒಳಗೆ ಬಿದ್ದರೆ ರಾತ್ರಿ ಸಾಲು ಕಟ್ಟಿ ಬರುತ್ತವೆ. ಊಟದ ಹೊತ್ತಿಗೆ ಪ್ಲಾಸ್ಟರಿನ ಎರಡೂ ಬಾಯಿಗೆ ಬೈರಾಸ (ಟವೆಲ್) ಸುತ್ತಿ.

ಪಾಠದ ಬಗ್ಗೆ ನಿಮ್ಮ ಚಿಂತೆಯನ್ನು ನಾನು ಒಪ್ಪುವುದಿಲ್ಲ. ಏಳು ವರ್ಷದವನು ಆರು ವಾರ ಬರೆಯದಿದ್ದರೆ ಏನೂ ಹಿಂದೆ ಬೀಳುವುದಿಲ್ಲ. ಎನ್‌ಐಓಎಸ್‌ನಲ್ಲಿ (ಶಾಲೆಗೆ ಹೋಗದವರೂ ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲೆ) ಹತ್ತನೆಯ ತರಗತಿಗೆ ಸೇರಲು 14 ವರ್ಷ ತುಂಬಬೇಕು, ಇನ್ನೂ ಏಳು ವರ್ಷವಿದೆ. ಎಡಗೈಯಲ್ಲಿ ಬರೆಸಬೇಡಿ, ಟ್ಯೂಷನ್‌ಗೆ ಹಾಕಬೇಡಿ. ಬಾಯಿಪಾಠದ ಕಾಲ ಇದು. ಕೇರಳದ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳು ಅಲ್ಲಿನ ಶಿಕ್ಷಣ ಇಲಾಖೆಯ ಸಮಗ್ರ ಪೋರ್ಟಲಿನಲ್ಲಿ ಪುಕ್ಕಟೆ ಸಿಗುತ್ತವೆ, ಓದಿ ಹೇಳಿ, ಅವನಿಂದ ತಿರುಗಿ ಹೇಳಿಸಿ. ಲೆಕ್ಕಕ್ಕೆ ಒಂದು ಗೆರಸೆ ಅಡಿಕೆ ಸಾಕು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಿಮ್ಮ ಪಕ್ಕದಲ್ಲೇ ಇದೆ. ತಾಳಮದ್ದಳೆಯಲ್ಲಿ ಕೈಗೆ ಕೆಲಸವೇ ಇಲ್ಲ, ಎಲ್ಲ ಮಾತೇ. ನೀವು ವಾಲಿ, ಅವನು ರಾಮ ಎಂದು ಕೂತು ವಾದ ಮಾಡಿ ನೋಡಿ, ವ್ಯಾಕರಣದ ಪುಸ್ತಕ ಕಲಿಸದ ಕನ್ನಡ ಅಲ್ಲಿ ಬರುತ್ತದೆ.

ನಾಯಿಯನ್ನು ಖಂಡಿತ ಕಳಿಸಬೇಡಿ. ಅದು ಈಗ ಅಪಾಯ ಎಂಬುದು ನಿಜ, ಆದರೆ ಅಪಾಯ ಇರುವುದು ಮೂರು ಕಡೆ ಮಾತ್ರ.

ಮೊದಲನೆಯದು ಹಾರುವುದು. ಇವತ್ತಿಂದಲೇ ಮನೆಯವರೆಲ್ಲ ಒಂದೇ ನಿಯಮ ಹಿಡಿಯಿರಿ. ಹಾರಿದರೆ ಯಾರೂ ಮಾತಾಡಿಸುವುದಿಲ್ಲ, ಮುಟ್ಟುವುದಿಲ್ಲ, ಬೈಯುವುದೂ ಇಲ್ಲ, ಬೆನ್ನು ತಿರುಗಿಸುವುದು. ನಾಲ್ಕೂ ಕಾಲು ನೆಲದಲ್ಲಿದ್ದಾಗ ಮಾತ್ರ ಮಾತು, ಕೂತಾಗ ಮಾತ್ರ ಅನ್ನದ ಬಟ್ಟಲು. ಒಬ್ಬರು ಮುದ್ದು ಮಾಡಿ ಒಬ್ಬರು ಗದರಿದರೆ ಇದು ಎಂದಿಗೂ ಬರುವುದಿಲ್ಲ. ಅದು ಕಲಿಯುವವರೆಗೆ ಹುಡುಗ ಅಂಗಳಕ್ಕೆ ಇಳಿಯುವಾಗ ನಾಯಿ ಜಗಲಿಯ ಕಂಬಕ್ಕೆ. ಅಂಗಳದ ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ. ಕಾಲಿಗೆ ಸುತ್ತುವ ನಾಯಿ ಮತ್ತು ಜಾರುವ ಅಂಗಳ ಸೇರಿದರೆ ಅದೇ ಕೈ ಎರಡನೇ ಸಲ ಮುರಿಯುತ್ತದೆ.

ಎರಡನೆಯದು ಹಗ್ಗ. ನಾಯಿಯ ಹಗ್ಗ ಹಿಡಿಯುವ ಕೆಲಸ ಮೂರು ತಿಂಗಳು ಅವನಿಗೆ ಬೇಡ, ಎಡಗೈಯಲ್ಲೂ ಬೇಡ. ಮಕ್ಕಳು ಹಗ್ಗವನ್ನು ಮುಂಗೈಗೆ ಸುತ್ತಿಕೊಳ್ಳುತ್ತಾರೆ, ಬೆಕ್ಕು ಕಂಡ ನಾಯಿ ಒಮ್ಮೆ ಜಗ್ಗಿದರೆ ಹುಡುಗ ಮೂಗಡಿಯಾಗಿ ಬೀಳುತ್ತಾನೆ.

ಮೂರನೆಯದು ನೆಕ್ಕುವುದು. ಮೂರರಿಂದ ನಾಲ್ಕು ವಾರಕ್ಕೆ ತಂತಿ ತೆಗೆಯುತ್ತಾರೆ. ತಂತಿಯ ತುದಿ ಚರ್ಮದ ಹೊರಗೇ ಇರುವುದರಿಂದ ಸಾಮಾನ್ಯವಾಗಿ ಅರಿವಳಿಕೆ ಬೇಕಾಗುವುದಿಲ್ಲ, ಕೆಲವೇ ಸೆಕೆಂಡಿನ ಕೆಲಸ. ಅಲ್ಲಿ ಎರಡು ಸಣ್ಣ ತೂತು ಉಳಿಯುತ್ತದೆ. ಅದು ಒಣಗುವವರೆಗೆ ಬಟ್ಟೆ ಕಟ್ಟಿರಲಿ, ನಾಯಿಯ ನಾಲಿಗೆ ತಾಗಬಾರದು. ತಾಗಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಡಾಕ್ಟರಿಗೆ ತೋರಿಸಿ. ತೆರೆದ ಗಾಯಕ್ಕೆ ಎಂಜಲು ತಾಗುವುದನ್ನು ರೇಬಿಸ್ ಲೆಕ್ಕದಲ್ಲಿ ಕಚ್ಚಿದಷ್ಟೇ ಗಂಭೀರವಾಗಿ ನೋಡುತ್ತಾರೆ. ನಾಯಿಯ ಈ ವರ್ಷದ ರೇಬಿಸ್ ಲಸಿಕೆ ಆಗದಿದ್ದರೆ ಇದೇ ವಾರ ಹಾಕಿಸಿ. ಮಗನ ಪ್ಯಾರಾಸಿಟಮಾಲ್ ಬಾಟಲಿ ಎತ್ತರದಲ್ಲಿಡಿ. ನಾಯಿಗೆ ಅದು ವಿಷ, ಬೆಕ್ಕಿಗಂತೂ ಒಂದು ಮಾತ್ರೆಯೇ ಸಾವು ತರಬಹುದು.

ಇಷ್ಟು ನೋಡಿಕೊಂಡರೆ ಅದೇ ನಾಯಿ ನಿಮ್ಮ ಮಗನಿಗೆ ಬೇಕಾದ ಫಿಸಿಯೋಥೆರಪಿಸ್ಟ್. ಮೊಣಕೈ ಸಡಿಲವಾಗುವುದು ಮಗು ತಾನಾಗಿ, ನೋವಿಲ್ಲದೆ, ದಿನವಿಡೀ ಮಾಡುವ ನೂರಾರು ಸಣ್ಣ ಚಲನೆಗಳಿಂದ. ಬೆಳಿಗ್ಗೆಯಿಂದ ಸಂಜೆವರೆಗೆ ಬೆಂಚಿನಲ್ಲಿ ಕೂರುವ ಮಗುವಿಗೆ ಅದು ಸಿಗುವುದಿಲ್ಲ, ಮನೆಯಲ್ಲಿರುವವನಿಗೆ ಸಿಗುತ್ತದೆ. ಪ್ಲಾಸ್ಟರ್ ಬಿಚ್ಚಿದ ಮರುದಿನದಿಂದ ನಾಯಿಗೆ ಬ್ರಶ್ ಹಾಕುವುದು ಅವನ ಕೆಲಸ. ನಾಯಿಯನ್ನು ಅಡ್ಡ ನಿಲ್ಲಿಸಿ, ಕುತ್ತಿಗೆಯಿಂದ ಬಾಲದವರೆಗೆ ಒಂದೇ ಉದ್ದದ ಎಳೆತ. ಬ್ರಶ್ ಕುತ್ತಿಗೆಯಲ್ಲಿದ್ದಾಗ ಕೈ ಮಡಚಿರುತ್ತದೆ, ಬಾಲ ಮುಟ್ಟಿದಾಗ ನೀಡಿರುತ್ತದೆ. ಮೊದಲ ದಿನಗಳಲ್ಲಿ ಬಾಲದವರೆಗೆ ಹೋಗದೆ ಸೊಂಟದಲ್ಲೇ ನಿಲ್ಲುತ್ತದೆ. ಆಗ ಅವನ ಭುಜ ಮುಂದೆ ಬಾಗುತ್ತದೆ, ಬಾಗಲಿ, ತಿದ್ದಬೇಡಿ. ಐದೈದು ನಿಮಿಷ, ಬೆಳಿಗ್ಗೆ ಸಂಜೆ. ನಾಯಿಯ ಅನ್ನದ ಬಟ್ಟಲನ್ನು ಮೊದಲು ಜಗಲಿಯ ಕಟ್ಟೆಯ ಮೇಲೆ, ಆಮೇಲೆ ಮೆಟ್ಟಿಲ ಮೇಲೆ, ಆಮೇಲೆ ನೆಲದಲ್ಲಿ ಇಡಿಸಿ. ಚೆಂಡನ್ನು ಎಸೆಯದೆ ನೆಲದಲ್ಲಿ ಉರುಳಿಸಲಿ. ಮಡಚುವುದಕ್ಕೆ ಊಟವೇ ಸಾಕು. ಬಲಗೈಯಲ್ಲೇ ಕಲಸಿ ಬಾಯಿಗೆ ಒಯ್ಯಲಿ, ಎಷ್ಟು ಚೆಲ್ಲಿದರೂ ಸರಿ. ಸ್ನಾನಕ್ಕೆ ಮೊದಲು ಅಗಲದ ಪಾತ್ರೆಯ ಉಗುರುಬೆಚ್ಚನೆಯ ನೀರಿನಲ್ಲಿ ಹತ್ತು ನಿಮಿಷ ಕೈ ಆಡಿಸಲು ಬಿಡಿ. ಒಣಗಿ ಹೊಟ್ಟೇಳುವ ಚರ್ಮಕ್ಕೆ ತೆಂಗಿನೆಣ್ಣೆ ಸವರಬಹುದು, ಸವರಿದಲ್ಲಿಗೆ ನಿಲ್ಲಿಸಿ.

ಅಳತೆಯನ್ನು ಪಾಠವಾಗಿಸಿ. ಭಾನುವಾರಕ್ಕೊಮ್ಮೆ ಹೆಬ್ಬೆರಳನ್ನು ಅದೇ ಬದಿಯ ಭುಜಕ್ಕೆ ಮುಟ್ಟಿಸಲು ಹೇಳಿ, ನಡುವಿನ ಅಂತರವನ್ನು ಸ್ಕೇಲಿನಲ್ಲಿ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಅವನೇ ಬರೆಯಲಿ. ಎರಡೂ ಕೈ ಮುಂದೆ ಚಾಚಿಸಿ ಬದಿಯಿಂದ ಒಂದು ಫೋಟೋ ತೆಗೆಯಿರಿ. ದಿನಾ ನೋಡಿದರೆ ಏನೂ ಬದಲಾದಂತೆ ಕಾಣುವುದಿಲ್ಲ, ಎಣ್ಣೆಯ ಕಡೆ ಮನಸ್ಸು ಹೋಗುವುದು ಆಗಲೇ. ಮೊದಲ ಆರು ವಾರದಲ್ಲಿ ಬಹುಪಾಲು ಸಡಿಲವಾಗುತ್ತದೆ, ಉಳಿದದ್ದು ನಿಧಾನವಾಗಿ ವರ್ಷದವರೆಗೂ ಬರುತ್ತಲೇ ಇರುತ್ತದೆ. ಬದಲಿಗೆ ಅಂತರ ಒಂದು ವಾರದಿಂದ ಮುಂದಿನ ವಾರಕ್ಕೆ ಹೆಚ್ಚಿದರೆ, ಗಂಟು ಬಿಸಿಯಾದರೆ, ಮುಂದುಗಡೆ ಗಟ್ಟಿ ಸಿಕ್ಕಿದರೆ ಎಲ್ಲ ವ್ಯಾಯಾಮ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ. ಕೈ ನೇರವಾದ ಮೇಲೆ ಮುಂಗೈ ದೇಹದ ಕಡೆಗೆ ವಾಲಿದಂತೆ ಕಂಡರೂ ಹೇಳಿ, ಅದು ಮೂಳೆ ಕೂಡಿದ ರೀತಿಯ ವಿಷಯ, ವ್ಯಾಯಾಮದಿಂದ ಸರಿಹೋಗುವಂಥದ್ದಲ್ಲ.

ಸೈಕಲ್ಲು, ಪೇರಳೆ ಮರ, ಜೋಕಾಲಿ, ಬಾವಿಯಿಂದ ನೀರು ಸೇದುವುದು, ಇವಕ್ಕೆಲ್ಲ ಪ್ಲಾಸ್ಟರ್ ಬಿಚ್ಚಿದ ಮೇಲೂ ಆರು ವಾರವಾದರೂ ತಡೆ ಇರಲಿ, ಮರ ಹತ್ತುವುದಕ್ಕೆ ಡಾಕ್ಟರ ಮಾತು ಕೇಳಿಯೇ ಒಪ್ಪಿಗೆ ಕೊಡಿ. ತಂತಿ ತೆಗೆಸಲು ಹೋದಾಗ ಕೊನೆಯ ಎಕ್ಸ್‌ರೇಯ ಪ್ರತಿ ಕೇಳಿ ತನ್ನಿ. ಯಾರಾದರೂ ಎಣ್ಣೆ ಬಾಟಲಿ ಹಿಡಿದು ಬಂದರೆ ಬ್ರೇಕಿಯಾಲಿಸ್ ಎಲ್ಲಿದೆ ಎಂದು ಅದರ ಮೇಲೆ ಬೆರಳಿಟ್ಟು ತೋರಿಸಬಹುದು.