ಪ್ರಾರ್ಥಿಸಿದ ಮೇಲೂ ಹೆದರಿಕೆ ಹೋಗದಿದ್ದರೆ?

ಪ್ರಶ್ನೆ: ಕೆಲಸ ಹೋಗಿ ಮೂರು ತಿಂಗಳಾಯಿತು, ಸಾಲದ ಕಂತು ನಿಂತಿದೆ. ಪ್ರಾರ್ಥನೆ ಮಾಡಿಯೇ ಮಲಗುತ್ತೇನೆ. ಆದರೂ ನಡುರಾತ್ರಿ ಎಚ್ಚರವಾಗಿ ಎದೆ ಡವಡವ ಎನ್ನುತ್ತದೆ. ನನ್ನ ವಿಶ್ವಾಸದಲ್ಲೇ ಕೊರತೆಯೇ?

ಉತ್ತರ: ಹೆದರಿಕೆ ಬಂತೆಂದ ಮಾತ್ರಕ್ಕೆ ವಿಶ್ವಾಸ ಹೋಯಿತು ಎಂದಲ್ಲ. ಬೈಬಲಿನ 56ನೇ ಕೀರ್ತನೆಯ 3ನೇ ವಚನದಲ್ಲಿ ಭಕ್ತನು ಹೆದರಿಕೆಯಾದಾಗಲೇ ದೇವರನ್ನು ನಂಬುತ್ತೇನೆ ಎನ್ನುತ್ತಾನೆ. ಮಾರ್ಕನ ಸುವಾರ್ತೆಯ 4ನೇ ಅಧ್ಯಾಯ ನೋಡಿ: ದೋಣಿಗೆ ನೀರು ನುಗ್ಗುತ್ತಿದೆ, ಯೇಸುಸ್ವಾಮಿ ಹಿಂಭಾಗದಲ್ಲಿ ತಲೆದಿಂಬಿಗೆ ಒರಗಿ ನಿದ್ರಿಸುತ್ತಿದ್ದಾರೆ. ನಾವು ಸಾಯುತ್ತಿದ್ದರೂ ನಿನಗೆ ಚಿಂತೆಯಿಲ್ಲವೇ ಎಂದು ಶಿಷ್ಯರು ದೂರುತ್ತಲೇ ಎಬ್ಬಿಸುತ್ತಾರೆ. ಯೇಸುಸ್ವಾಮಿ ಮೊದಲು ಗಾಳಿಯನ್ನು ಗದರಿಸಿದರು. ಯಾಕೆ ಹೆದರಿದಿರಿ ಎಂದು ಕೇಳಿದ್ದು ಆಮೇಲೆ.

ಅನೇಕರು ಎಡವುವುದು ಪ್ರಾರ್ಥನೆಯ ರೀತಿಯಲ್ಲಿ. ಕಣ್ಣು ಮುಚ್ಚಿ ಕೂತು ಅದೇ ಚಿಂತೆಯನ್ನು ತಿರುತಿರುಗಿ ಹೇಳಿದರೆ ಅದು ಇನ್ನಷ್ಟು ಬೇರು ಬಿಡುತ್ತದೆ. 13ನೇ ಕೀರ್ತನೆಯನ್ನು ಅಚ್ಚಾಗಿ ಇಟ್ಟುಕೊಳ್ಳಿ. ಆರೇ ವಚನ. ಮೊದಲ ಎರಡರಲ್ಲಿ 'ಎಷ್ಟರವರೆಗೆ' ಎಂದು ನಾಲ್ಕು ಸಲ ಗೋಳಾಟ, ಮುಂದಿನ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ಭರವಸೆ. ಹಾಗೆಯೇ ಒಂದು ಹಾಳೆಯಲ್ಲಿ ನಿಮ್ಮ ಹೆದರಿಕೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. 'ಏನೋ ಆಗಿಬಿಡುತ್ತದೆ' ಎಂದು ಬರೆಯಬೇಡಿ, 'ಈ ತಿಂಗಳ ಕಂತು ಕಟ್ಟಲಾರೆ' ಎಂದು ಬರೆಯಿರಿ. ಹೆಸರಿಲ್ಲದ ಭಯಕ್ಕೆ ಏನು ಬೇಡಬೇಕೆಂದೇ ತೋಚುವುದಿಲ್ಲ. ಕೆಳಗೆ ಬೇಡಿಕೆ, ಅದರ ಕೆಳಗೆ ದೇವರು ಈ ಹಿಂದೆ ನಡೆಸಿದ ಒಂದು ಸಂಗತಿ. ಭರವಸೆಯ ಮಾತು ಆ ದಿನ ಬಾಯಿಗೆ ಬಾರದಿದ್ದರೆ ಒತ್ತಾಯ ಬೇಡ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಅದೂ ಪ್ರಾರ್ಥನೆಯೇ.

ನಡುರಾತ್ರಿ ಎಚ್ಚರವಾದಾಗ ಉದ್ದದ ಪ್ರಾರ್ಥನೆ ಬೇಡ, ಮೊಬೈಲಂತೂ ಮುಟ್ಟಲೇಬೇಡಿ. ನೀರಿನಲ್ಲಿ ಮುಳುಗುತ್ತಿದ್ದ ಶಿಷ್ಯ ಪೇತ್ರ ಯೇಸುಸ್ವಾಮಿಯನ್ನು ಕೂಗಿದಷ್ಟು ಸಾಕು: ಉಸಿರು ಎಳೆಯುವಾಗ 'ಕರ್ತನೇ', ನಿಧಾನವಾಗಿ ಬಿಡುವಾಗ 'ನನ್ನನ್ನು ಕಾಪಾಡು'. ಬಿಡುವ ಉಸಿರು ಉದ್ದವಾದಂತೆ ಎದೆಬಡಿತ ತಗ್ಗುತ್ತದೆ. ಇಪ್ಪತ್ತು ನಿಮಿಷವಾದರೂ ನಿದ್ರೆ ಹತ್ತದಿದ್ದರೆ ಎದ್ದು, ಮಂದ ಬೆಳಕಿನಲ್ಲಿ ಆ ಹಾಳೆಯನ್ನೇ ಓದಿ.

ಬೆಳಗ್ಗೆ ಸಾಲ ಕೊಟ್ಟವರಿಗೆ ಫೋನ್ ಮಾಡಿ, ಕಂತು ಮುಂದೂಡಲು ಕೇಳಿ. ನೆಹೆಮೀಯ 4:9ರಲ್ಲಿ ಯೆರೂಸಲೇಮಿನ ಗೋಡೆ ಕಟ್ಟುತ್ತಿದ್ದ ಜನ ಶತ್ರುಗಳ ಬೆದರಿಕೆ ಬಂದಾಗ ಪ್ರಾರ್ಥಿಸಿದರು, ಕಾವಲನ್ನೂ ಇಟ್ಟರು. ಎರಡರಲ್ಲಿ ಒಂದನ್ನು ಬಿಟ್ಟವರೇ ಹೆಚ್ಚು ಹೆದರುತ್ತಾರೆ. ಸೆರೆಯಾಗುವ ಮುಂಚೆ ಗೆತ್ಸೆಮನೆ ತೋಟದಲ್ಲಿ ಪ್ರಾರ್ಥಿಸುವಾಗ ಯೇಸುಸ್ವಾಮಿಯೂ ಮೂವರು ಶಿಷ್ಯರನ್ನು ಹತ್ತಿರ ಕರೆದುಕೊಂಡರು. ನೀವು ಒಬ್ಬರಿಗಾದರೂ ಹೇಳಿ.

ಪ್ರಶ್ನೆ: ಆತಂಕಕ್ಕೆ ಡಾಕ್ಟರ್ ಮಾತ್ರೆ ಬರೆದಿದ್ದಾರೆ. ತೆಗೆದುಕೊಂಡರೆ ಅಪನಂಬಿಕೆಯಾಗುತ್ತದೆಯೇ?

ಉತ್ತರ: ಖಂಡಿತ ಇಲ್ಲ. ಅಪೊಸ್ತಲ ಪೌಲನ ಜೊತೆಗಾರ ಲೂಕ ವೈದ್ಯ. ಸಾವನ್ನೇ ಬೇಡಿದ ಪ್ರವಾದಿ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ಉಪದೇಶವಲ್ಲ, ರೊಟ್ಟಿ, ನೀರು. ಮತ್ತೆ ಮಲಗಲು ಬಿಟ್ಟು ಎರಡನೆಯ ಸಲವೂ ಎಬ್ಬಿಸಿ ಉಣಿಸಿದ. ಮಾತ್ರೆ ತೆಗೆದುಕೊಳ್ಳಿ. ಸ್ವಲ್ಪ ಹಗುರವಾಯಿತೆಂದು ನೀವಾಗಿ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಬದುಕೇ ಬೇಡ ಅನಿಸಿದರೆ ಅಂದೇ ಆಸ್ಪತ್ರೆಗೆ ಹೋಗಿ, ಒಬ್ಬರೇ ಇರಬೇಡಿ.