ಲಾನ್‌ನಲ್ಲಿ ಕಿತ್ತಷ್ಟೂ ಬರುವುದು ಕೊನ್ನಾರಿ ಗಡ್ಡೆ

ಮೆಕ್ಸಿಕನ್ ಲಾನ್‌ನಲ್ಲಿ ಹೊಳೆಯುವ ಎಲೆಯ ಕಳೆ, ಕಿತ್ತರೂ ವಾರದಲ್ಲೇ ಮತ್ತೆ ಬರುತ್ತದೆ ಅಂದಿದ್ದೀರಿ. ಹೂ ಹೊತ್ತ ಕಡ್ಡಿಯನ್ನು ಬೆರಳಲ್ಲಿ ಹೊರಳಿಸಿ ನೋಡಿ. ಮೂರು ಮೂಲೆ ಸಿಕ್ಕರೆ ಅದು ಹುಲ್ಲಲ್ಲ, ಹುಲ್ಲಿನಂತೆ ಕಾಣುವ ಬೇರೆ ಕುಲದ ಗಿಡ, ಜೇಕು. ಬುಡ ಅಗೆದಾಗ ಕಪ್ಪು, ಘಮಘಮಿಸುವ ಗಡ್ಡೆಗಳು ಸರದಂತೆ ಕೋದುಕೊಂಡಿದ್ದರೆ ಕೊನ್ನಾರಿಯೇ.

ಕಿತ್ತಾಗ ಆ ಸರ ತುಂಡಾಗಿ, ಸುಮ್ಮನೆ ಮಲಗಿದ್ದ ಗಡ್ಡೆಗಳೂ ಚಿಗುರುತ್ತವೆ. ಗ್ಲೈಫೋಸೇಟ್ ಎಂಬ ಕಳೆನಾಶಕ ಹೊಡೆದರೆ ಲಾನೂ ಹೋಗುತ್ತದೆ, ದಯವಿಟ್ಟು ಬೇಡ.

ಅಂಗಡಿಯಲ್ಲಿ ಜೇಕಿಗೆಂದೇ ಇರುವ ಕಳೆನಾಶಕ ಹ್ಯಾಲೊಸಲ್ಫ್ಯೂರಾನ್ ಮೀಥೈಲ್ 75% ಡಬ್ಲ್ಯೂಜಿ (ನೀರಿನಲ್ಲಿ ಬೆರೆಯುವ ಹರಳು) ಕೇಳಿ. ಪ್ರಮಾಣ ಎಕರೆಗೆ 36 ಗ್ರಾಂ, ಅಂದರೆ 1000 ಚದರ ಅಡಿಗೆ ಸುಮಾರು 0.8 ಗ್ರಾಂ. ಚಮಚದ ಅಂದಾಜು ಇಲ್ಲಿ ನಡೆಯದು, ಸಣ್ಣ ತೂಕದ ಯಂತ್ರ ಬೇಕೇ ಬೇಕು. 3–4 ಲೀಟರ್ ನೀರಿಗೆ ಬೆರೆಸಿ, ಸ್ಟಿಕ್ಕರ್ ದ್ರಾವಣ ಸೇರಿಸಿ. ನುಣುಪಾದ ಎಲೆಯ ಮೇಲೆ ಬರೀ ಔಷಧ ನಿಲ್ಲುವುದಿಲ್ಲ. ಕಳೆಗೆ 3–5 ಎಲೆ ಇರುವಾಗ ಹೊಡೆಯಿರಿ. ಹಿಂದೆ ಮುಂದೆ ಎರಡೆರಡು ದಿನ ಲಾನ್ ಕತ್ತರಿಸಬೇಡಿ: ಎಲೆ ಇದ್ದರೆ ತಾನೇ ಔಷಧ ಗಡ್ಡೆಗೆ ಇಳಿಯುವುದು! ಹಾಸಿ ಇನ್ನೂ ಬೇರು ಹಿಡಿಯದ ಲಾನ್‌ಗೆ, ಪಕ್ಕದ ಹೂಗಿಡಗಳಿಗೆ ತಾಗಿಸಬೇಡಿ.

ಹಳದಿಯಾಗಲು ಎರಡು ವಾರ ಬೇಕು, ಅವಸರಪಟ್ಟು ಮತ್ತೆ ಹೊಡೆಯಬೇಡಿ. ಆರು ವಾರದ ಮೇಲೆ ಹೊಸ ಚಿಗುರು ಕಂಡ ಕಡೆ ಮಾತ್ರ ಎರಡನೇ ಸಲ. ಹೊಸ ಮಣ್ಣು ತರಿಸಿದರೆ ಹರಡುವ ಮುನ್ನ ಜರಡಿ ಹಿಡಿಯಿರಿ, ಗಡ್ಡೆ ಬರುವುದು ಹೆಚ್ಚಾಗಿ ಅದರ ಜೊತೆಗೇ.